ಪರದೆ ಕಪ್ಪಾಯಿತು

ನಾಳೆ ಬೆಳಗ್ಗೆ ಹತ್ತೂವರೆಗೆ ಸಂಘದವರು ಬ್ಯಾಂಕಿಗೆ ಹೋಗಬೇಕು.

ಸಂಘದಲ್ಲಿ 15 ಮಂದಿ ಹೆಂಗಸರಿದ್ದಾರೆ. ಮೂವರಿಗೆ ಹಸು ತರಲು ಸಾಲ ಬೇಕು. ಒಬ್ಬಾಕೆ ಆಗಲೇ ಹಸುವಿಗೆ ಮುಂಗಡ ಕೊಟ್ಟುಬಿಟ್ಟಿದ್ದಾಳೆ. ಒಂದು ವರ್ಷದ ಲೆಕ್ಕದ ಹಾಳೆ ತಂದರೆ ಸಾಲದ ಕಾಗದ ಮುಂದಕ್ಕೆ ಹೋಗುತ್ತದೆ ಎಂದು ಬ್ಯಾಂಕಿನವರು ಹೇಳಿದ್ದಾರೆ. ತರದಿದ್ದರೆ ಮುಂದಿನ ತಿಂಗಳು ನೋಡೋಣ ಎಂದೂ ಹೇಳಿದ್ದಾರೆ.

ಲೆಕ್ಕದ ಹಾಳೆ ಎಲ್ಲಿದೆ? ಕಂಪ್ಯೂಟರಿನಲ್ಲಿದೆ.

ಕಂಪ್ಯೂಟರು ಇರುವುದು ಸಂಘದ ಒಬ್ಬ ಅಕ್ಕನ ಮನೆಯಲ್ಲಿ. ಆಕೆಯ ಸೊಸೆ ಓದಿದವಳು. ಪಟ್ಟಣದಿಂದ ಒಂದು ಹಳೆಯ ಕಂಪ್ಯೂಟರು ತಂದು ಮನೆಯಲ್ಲೇ ಟೈಪು ಮಾಡುತ್ತಾಳೆ. ಊರಿನವರ ಅರ್ಜಿ, ಮಕ್ಕಳ ಪಾಠ, ಸಂಘದ ಲೆಕ್ಕ, ಎಲ್ಲ ಅವಳ ಕೈಯಲ್ಲೇ ಆಗುತ್ತವೆ. ಕನ್ನಡ ಗಣಕ ಪರಿಷತ್ತಿನವರು ಮಾಡಿದ ‘ನುಡಿ’ಯಲ್ಲಿ ಅವಳು ಕನ್ನಡವನ್ನು ಚಕಚಕನೆ ಬರೆಯುತ್ತಾಳೆ. ಆದರೆ ಈಗ ಅವಳು ಮನೆಯಲ್ಲಿಲ್ಲ. ತವರಿನಲ್ಲಿ ಬಾಣಂತಿ.

ಅತ್ತೆ ಓದು ಕಲಿತದ್ದು ಮೊನ್ನೆ ಮೊನ್ನೆ. ರಾತ್ರಿ ಪಾಠಕ್ಕೆ ಹೋಗಿ, 52ನೆಯ ವಯಸ್ಸಿನಲ್ಲಿ. ಈ ಪಾಠದಲ್ಲಿ ನಾವೂ ಆಕೆಯನ್ನು ಅತ್ತೆ ಎಂದೇ ಕರೆಯೋಣ.

ಸಂಜೆ ಐದು ಗಂಟೆ. ಪಕ್ಕದ ಮನೆಯ ಹುಡುಗಿ ಬಂದಳು. ಪಿಯುಸಿ ಓದುವ ಹುಡುಗಿ. ಹಾಳೆಯನ್ನು ಪ್ರಿಂಟು ತೆಗೆದುಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದಳು. ಅವಳು ಬಟನ್ನು ಒತ್ತಿದಳು. ಡಬ್ಬಿಯಲ್ಲಿ ಫ್ಯಾನು ಬುಸ್ ಎಂದಿತು. ಪರದೆ ಮಾತ್ರ ಕಪ್ಪು. ಇನ್ನೊಮ್ಮೆ ಆರಿಸಿ ಒತ್ತಿದಳು. ಮತ್ತೆ ಕಪ್ಪು.

“ಅಜ್ಜಿ, ನಾನೇನೂ ಮಾಡಿಲ್ಲ. ಬಟನ್ ಒತ್ತಿದ್ದಷ್ಟೆ” ಎಂದು ಹುಡುಗಿ ಅಳುಮುಖ ಮಾಡಿದಳು.

“ಅಯ್ಯೋ, ನೀನು ಮಾಡ್ದೆ ಅಂತ ಯಾರವ್ವ ಹೇಳಿದ್ರು? ಇರು, ಕೇಳನ” ಎಂದರು ಅತ್ತೆ.

ಪಟ್ಟಣದ ಒಂದು ರಿಪೇರಿ ಅಂಗಡಿಗೆ ಫೋನು ಮಾಡಿದರು. ಅಂಗಡಿಯವನು ಎರಡು ಮಾತು ಕೇಳಿದ. ಮೂರನೆಯ ಮಾತಿಗೆ, “ಮಾನಿಟರ್ ಹೋಗಿದೆ ಕಣಮ್ಮ. 3,500 ರೂಪಾಯಿ ತಗೊಂಡು ಬನ್ನಿ. ಬೇರೆ ಕೊಡ್ತೀನಿ” ಎಂದ. ಕಣ್ಣಿನಿಂದ ನೋಡಲಿಲ್ಲ, ಕೈಯಿಂದ ಮುಟ್ಟಲಿಲ್ಲ. ಫೋನಿನಲ್ಲೇ ಹೇಳಿಬಿಟ್ಟ.

ಅತ್ತೆಯ ಬಳಿ ದುಡ್ಡು ಇಲ್ಲದೆ ಇರಲಿಲ್ಲ. ಡಬರಿಯಲ್ಲಿ 3,800 ರೂಪಾಯಿ ಇತ್ತು. ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಕೂಡಿಟ್ಟದ್ದು. ಅದನ್ನು ಕೈಗೆ ತೆಗೆದುಕೊಂಡರು. ಎಣಿಸಿದರು. ಮತ್ತೆ ಒಳಗಿಟ್ಟು ಸೊಸೆಗೆ ಫೋನು ಮಾಡಿದರು.

“ಅತ್ತೆ, ದುಡ್ಡು ತೆಗೀಬೇಡಿ” ಎಂದಳು ಸೊಸೆ. “ಮೊದ್ಲು ನಾನು ಕೇಳಿದ್ದಕ್ಕೆ ಹೇಳಿ. ಪರದೆ ಕಪ್ಪಾದ್ರೆ ಪರದೇನೇ ಕೆಟ್ಟಿದೆ ಅಂತಲ್ಲ. ನಿಮ್ಮ ಲೆಕ್ಕದ ಪುಸ್ತಕ, ಪೆನ್ನು ತಗೊಂಡು ಕೂತ್ಕೊಳಿ. ಕಂಡಿದ್ದನ್ನೆಲ್ಲ ಬರ್ಕೊಳಿ.”

ಸೊಸೆ ಹೀಗೇಕೆ ಹೇಳಿದಳು? ನಲ್ಲಿಯನ್ನು ನೆನಪು ಮಾಡಿಕೊಳ್ಳಿ.

ಮನೆಯ ನಲ್ಲಿಯಲ್ಲಿ ನೀರು ಬರುತ್ತಿಲ್ಲ. ನೀವು ಕೂಡಲೇ ಹೊಸ ನಲ್ಲಿ ತರುತ್ತೀರಾ? ಇಲ್ಲ. ಮೋಟರು ಓಡುತ್ತಿದೆಯೇ ಎಂದು ಕೇಳುತ್ತೀರಿ. ಪೈಪು ಎಲ್ಲಾದರೂ ಒಡೆದಿದೆಯೇ ಎಂದು ನೋಡುತ್ತೀರಿ. ನಲ್ಲಿಯನ್ನು ಕೊನೆಗೆ ಬಿಚ್ಚುತ್ತೀರಿ. ಕಂಪ್ಯೂಟರಿನಲ್ಲಿಯೂ ಹಾಗೆಯೇ ಮೂರು ಭಾಗಗಳಿವೆ. ಒಂದು ಡಬ್ಬಿ. ಇದನ್ನು ಎಲ್ಲರೂ ಸಿಪಿಯು ಎನ್ನುತ್ತಾರೆ. ಇದು ಮೋಟರು ಇದ್ದ ಹಾಗೆ. ಚಿತ್ರ ತಯಾರಾಗುವುದು ಇಲ್ಲಿ. ಇನ್ನೊಂದು ಮಾನಿಟರು, ಅಂದರೆ ಪರದೆ. ಇದು ನಲ್ಲಿ ಇದ್ದ ಹಾಗೆ. ಚಿತ್ರ ಕಾಣುವುದು ಇಲ್ಲಿ. ನಡುವೆ ಒಂದು ದಪ್ಪ ವೈರು. ಅದೇ ಪೈಪು. ಅದಕ್ಕೆ ಕೇಬಲ್ ಎನ್ನುತ್ತಾರೆ.

ಮೂರರಲ್ಲಿ ಯಾವುದು ಕೆಟ್ಟರೂ ಪರದೆ ಕಪ್ಪು. ಕಪ್ಪು ಒಂದೇ, ಕಾರಣ ಬೇರೆ ಬೇರೆ.

“ಅತ್ತೆ, ಪರದೆ ಕೆಳಗೆ ಮೂಲೇಲಿ ಒಂದು ಸಣ್ಣ ದೀಪ ಇದೆ. ಉರೀತಾ ಇದೆಯಾ?”

“ಉರೀತೈತೆ ಕಣವ್ವ. ಕಿತ್ತಳೆ ಬಣ್ಣ.”

“ಯಾವಾಗ್ಲೂ ನೀಲಿ ಇರುತ್ತೆ. ಈಗ ಕಿತ್ತಳೆ. ಬರ್ಕೊಳಿ. ಈಗ ಪರದೆ ಬಟನ್ ಒಂದ್ಸಲ ಆರಿಸಿ, ಮತ್ತೆ ಒತ್ತಿ. ಪರದೆ ಮೇಲೆ ಏನಾದ್ರೂ ಬರುತ್ತಾ ನೋಡಿ.”

ಅತ್ತೆ ಒತ್ತಿದರು. ಪರದೆಯ ನಡುವೆ ಒಂದು ಸಣ್ಣ ಚೌಕ ಬಂತು. ಅದರೊಳಗೆ ಏನೋ ಬರೆದಿತ್ತು. ಐದು ಎಣಿಸುವಷ್ಟರಲ್ಲಿ ಹೋಯಿತು.

“ಬಂತು, ಹೋಯ್ತು. ಇಂಗ್ಲಿಷು. ನಂಗೆ ಓದಕ್ಕೆ ಬರಾಕಿಲ್ಲ.”

“ಓದೋದು ಬೇಡ, ನೋಡ್ಕೊಂಡು ಬರೀರಿ. ರಂಗೋಲಿ ನೋಡಿ ಹಾಕಲ್ವಾ, ಹಾಗೆ.”

ಅತ್ತೆ ಮೂರು ಸಲ ಆರಿಸಿ ಹಾಕಿದರು. ಒಂದೊಂದು ಸಲಕ್ಕೆ ಒಂದಷ್ಟು ಅಕ್ಷರ ಬರೆದುಕೊಂಡರು. ಕೊನೆಗೆ ಪುಸ್ತಕದಲ್ಲಿ ಎರಡು ಪದ ಮೂಡಿದವು. ಹುಡುಗಿ ಓದಿದಳು. “ನೋ ಸಿಗ್ನಲ್.”

ನೋ ಸಿಗ್ನಲ್ ಎಂದರೆ ಏನು? “ನಾನು ಎಚ್ಚರವಾಗಿದ್ದೇನೆ. ನನಗೆ ಚಿತ್ರ ಬರುತ್ತಿಲ್ಲ” ಎಂದು ಪರದೆ ಹೇಳುತ್ತಿದೆ. ಸತ್ತ ಪರದೆ ಮಾತನಾಡುವುದಿಲ್ಲ. ಈ ಪರದೆ ಮಾತನಾಡಿತು. ಹಾಗಾದರೆ ಪರದೆ ಚೆನ್ನಾಗಿದೆ! ಅಂಗಡಿಯವನು ಹೇಳಿದ 3,500 ರೂಪಾಯಿ ಇಲ್ಲೇ ಉಳಿಯಿತು.

ನಿಮ್ಮ ಮನೆಯ ಪರದೆಯ ದೀಪ ಬೇರೆ ಬಣ್ಣದ್ದಿರಬಹುದು. ಒಂದೊಂದು ಕಂಪನಿಯದು ಒಂದೊಂದು ತರ. ಕೆಲವು ಪರದೆಗಳಲ್ಲಿ ದೀಪ ಬಣ್ಣ ಬದಲಿಸುವುದಿಲ್ಲ, ಮಿಣುಕುತ್ತದೆ. ಆದ್ದರಿಂದ ಚೆನ್ನಾಗಿರುವಾಗಲೇ ದೀಪ ಹೇಗಿದೆ ಎಂದು ನೋಡಿಟ್ಟುಕೊಳ್ಳಿ.

ದೀಪವೇ ಉರಿಯದಿದ್ದರೆ? ಆಗ ಪರದೆಗೆ ಕರೆಂಟು ಬಂದಿಲ್ಲ. ಗೋಡೆಯ ಸ್ವಿಚ್ಚು ನೋಡಿ. ಯುಪಿಎಸ್ ಇದ್ದರೆ ಅದರ ಬಟನ್ನು ನೋಡಿ. ಯುಪಿಎಸ್ ಎಂದರೆ ಕರೆಂಟು ಹೋದಾಗ ಕುಂಯ್ ಕುಂಯ್ ಎನ್ನುವ ಬ್ಯಾಟರಿ ಡಬ್ಬಿ. ಪರದೆಯ ಹಿಂದೆ ಕರೆಂಟಿನ ವೈರು ಸಡಿಲವಾಗಿದೆಯೇ ನೋಡಿ. ಎಷ್ಟೋ ಪರದೆಗಳ ವೈರೂ ಸಿಪಿಯು ಡಬ್ಬಿಯ ವೈರೂ ಒಂದೇ ತರದವು. ಸ್ವಿಚ್ಚು ಆರಿಸಿ ಅದಲುಬದಲು ಮಾಡಿ ನೋಡಬಹುದು. ವೈರು ಕೆಟ್ಟಿದ್ದರೆ ವೈರನ್ನಷ್ಟೇ ತಂದರೆ ಸಾಕು.

ದೀಪ ಸರಿಯಾದ ಬಣ್ಣದಲ್ಲೇ ಉರಿಯುತ್ತಿದೆ, ಆದರೂ ಪರದೆ ಕಪ್ಪು. ಹೀಗೂ ಆಗುತ್ತದೆ. ಆಗ ಒಂದು ಉಪಾಯವಿದೆ. ಮನೆಯ ದೀಪ ಆರಿಸಿ. ಮೊಬೈಲಿನ ಟಾರ್ಚನ್ನು ಪರದೆಯ ಹತ್ತಿರ ಓರೆಯಾಗಿ ಹಿಡಿಯಿರಿ. ಒಳಗೆ ಮಸುಕಾಗಿ ಚಿತ್ರ ಕಾಣುತ್ತದೆಯೇ? ಕಂಡರೆ ಚಿತ್ರ ಬಂದಿದೆ, ಬೆಳಕು ಬಂದಿಲ್ಲ. ಚಪ್ಪಟೆ ಪರದೆಯೊಳಗಿನ ಹರಳಿಗೆ ಸ್ವಂತ ಬೆಳಕಿಲ್ಲ. ಅದರ ಹಿಂದೆ ಒಂದು ದೀಪ ಇಟ್ಟಿರುತ್ತಾರೆ. ತೊಗಲುಗೊಂಬೆ ಆಟದಲ್ಲಿ ಪರದೆಯ ಹಿಂದೆ ದೀಪ ಇಟ್ಟ ಹಾಗೆ. ಗೊಂಬೆ ಕುಣಿಯುತ್ತಿದೆ, ದೀಪ ಆರಿದೆ. ಇದು ಅಂಗಡಿಯಲ್ಲಿ ಆಗಬೇಕಾದ ಕೆಲಸ. ಆದರೂ ‘ಹಿಂದಿನ ದೀಪ ಹೋಗಿದೆ’ ಎಂದು ನೀವೇ ಹೇಳಿದರೆ ಮಾತು ಬೇರೆಯಾಗುತ್ತದೆ. ಹೋಗುವ ಮೊದಲು ಬೆಳಕು ಹೆಚ್ಚು ಕಡಿಮೆ ಮಾಡುವ ಬಟನ್ನನ್ನೂ ಒತ್ತಿ ನೋಡಿ. ಮಕ್ಕಳು ಆಡುತ್ತಾ ಪೂರ್ತಿ ಇಳಿಸಿರುತ್ತಾರೆ. ನಗಬೇಡಿ, ಇದಕ್ಕೇ ಪರದೆ ಹೊತ್ತುಕೊಂಡು ಪಟ್ಟಣಕ್ಕೆ ಹೋದವರಿದ್ದಾರೆ.

ಈಗ ಅತ್ತೆಯ ಮನೆಗೆ ಬರೋಣ.

“ಪರದೆ ಬದುಕೈತೆ. ಮುಂದೆ?” ಎಂದರು ಅತ್ತೆ. ದನಿಯಲ್ಲಿ ಸ್ವಲ್ಪ ಧೈರ್ಯ ಬಂದಿತ್ತು.

“ಈಗ ಡಬ್ಬಿ ಎಚ್ಚರ ಇದೆಯಾ ನೋಡ್ಬೇಕು. ಕೀಬೋರ್ಡ್‌ನಲ್ಲಿ ಬಲಗಡೆ ಅಂಕಿಗಳಿವೆಯಲ್ಲ, ಅದರ ಮೇಲೆ ಮೂಲೇಲಿ ನಮ್ ಲಾಕ್ ಅಂತ ಒಂದು ಕೀ. ಹುಡುಗಿಗೆ ಗೊತ್ತು. ಒತ್ತಿಸಿ.”

ಹುಡುಗಿ ಒತ್ತಿದಳು. ಕೀಬೋರ್ಡಿನ ಮೇಲೆ ಒಂದು ಪುಟ್ಟ ದೀಪ ಹತ್ತಿತು. ಮತ್ತೆ ಒತ್ತಿದಳು. ಆರಿತು.

ಇದು ಮೂರ್ಛೆ ಹೋದವರ ಕೈ ಚಿವುಟಿ ನೋಡಿದ ಹಾಗೆ. ಕೀ ಒತ್ತಿದಾಗ ದೀಪ ಹತ್ತಿ ಆರಿದರೆ ಡಬ್ಬಿಯ ಬುದ್ಧಿ ಎಚ್ಚರವಾಗಿದೆ ಎಂದು ಅರ್ಥ. ಸ್ಪೀಕರು ಇದ್ದವರಿಗೆ ಕಂಪ್ಯೂಟರು ಶುರುವಾಗುವ ಸದ್ದೂ ಕೇಳಬಹುದು. ಬರೀ ಫ್ಯಾನು ತಿರುಗಿದರೆ ಸಾಲದು. ಕರೆಂಟು ಬಂದಿದೆ ಎಂದಷ್ಟೇ ಫ್ಯಾನು ಹೇಳುತ್ತದೆ.

ಅತ್ತೆ ಪುಸ್ತಕದಲ್ಲಿ ಬರೆದರು. ‘ಪರದೆ ಸರಿ. ಡಬ್ಬಿ ಸರಿ.’ ಬರೆದದ್ದನ್ನು ತಾವೇ ಓದಿದರು. ಆಮೇಲೆ, “ಹಂಗಾದ್ರೆ ಪೈಪಲ್ಲಿ ಐತೆ ತೊಂದ್ರೆ” ಎಂದರು.

ಸೊಸೆ ಆ ಕಡೆಯಿಂದ ನಕ್ಕಳು. “ಅತ್ತೆ, ನೀವೇ ಅಂಗಡಿ ಇಡಿ.”

ಇಲ್ಲಿ ಸ್ವಲ್ಪ ನಿಲ್ಲೋಣ. ಡಬ್ಬಿ ಎಚ್ಚರವಾಗಿಲ್ಲದಿದ್ದರೆ ಏನು ಮಾಡುವುದು? ನಮ್ ಲಾಕ್ ದೀಪ ಹತ್ತದೆ, ಫ್ಯಾನು ಮಾತ್ರ ತಿರುಗುವುದುಂಟು. ಕೆಲವು ಡಬ್ಬಿಗಳು ಬೀಪ್ ಬೀಪ್ ಎಂದು ಕೂಗುತ್ತವೆ. ಕೂಗನ್ನು ಎಣಿಸಿ ಬರೆದುಕೊಳ್ಳಿ. ಉದ್ದ ಎಷ್ಟು, ಗಿಡ್ಡ ಎಷ್ಟು? ಒಂದೊಂದು ಕಂಪನಿಗೆ ಒಂದೊಂದು ಅರ್ಥ. ರಿಪೇರಿಯವರಿಗೆ ಅದು ದೊಡ್ಡ ಸುಳಿವು. ಹಳೆಯ ಡಬ್ಬಿಗಳಲ್ಲಿ ಹೆಚ್ಚಾಗಿ ಕೈಕೊಡುವುದು ರ‍್ಯಾಮ್ ಎಂಬ ಪಟ್ಟಿ. ಉದ್ದನೆಯ ಹಸಿರು ಪಟ್ಟಿ. ಅದರ ಅಂಚಿನಲ್ಲಿ ಹೊಂಬಣ್ಣದ ಗೆರೆಗಳಿರುತ್ತವೆ. ಧೂಳು, ತೇವ ಸೇರಿ ಆ ಗೆರೆಗಳು ಮಂಕಾಗುತ್ತವೆ. ಆಗ ಡಬ್ಬಿಗೆ ನೆನಪು ಸಿಗುವುದಿಲ್ಲ, ಏಳುವುದಿಲ್ಲ. ಸೊಸೆ ಇದನ್ನು ಎರಡು ಸಲ ತಾನೇ ಸರಿಮಾಡಿದ್ದಳು. ಮೊದಲು ಗೋಡೆಯಿಂದ ವೈರು ಕೀಳುತ್ತಾಳೆ. ಆಮೇಲೆ ಡಬ್ಬಿಯ ಬಟನ್ನನ್ನು 15 ಎಣಿಸುವ ತನಕ ಒತ್ತಿ ಹಿಡಿಯುತ್ತಾಳೆ. ಒಳಗೆ ಉಳಿದ ಕರೆಂಟು ಹೋಗಲಿ ಎಂದು. ಪಕ್ಕದ ಮುಚ್ಚಳ ತೆಗೆದು ಡಬ್ಬಿಯ ಬರಿ ತಗಡನ್ನು ಕೈಯಿಂದ ಮುಟ್ಟುತ್ತಾಳೆ. ಮೈಮೇಲಿನ ಚಿಟಿಚಿಟಿ ವಿದ್ಯುತ್ತು ಇಳಿಯಬೇಕು. ಇಲ್ಲದಿದ್ದರೆ ಪಟ್ಟಿ ಸುಟ್ಟುಹೋಗಬಹುದು. ಪಟ್ಟಿಯ ಎರಡೂ ತುದಿಯ ಕೊಂಡಿ ಬಿಡಿಸುತ್ತಾಳೆ. ಪಟ್ಟಿ ಎತ್ತಿ, ಹೊಂಬಣ್ಣದ ಗೆರೆಗಳನ್ನು ಪೆನ್ಸಿಲು ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜುತ್ತಾಳೆ. ಪುಡಿ ಒರೆಸಿ, ಮತ್ತೆ ಕೂರಿಸಿ ಟಕ್ ಎನ್ನುವವರೆಗೆ ಒತ್ತುತ್ತಾಳೆ. ಖರ್ಚು ಮಕ್ಕಳ ರಬ್ಬರಿನದಷ್ಟೆ. ಆದರೆ ಮೊದಲ ಸಲ ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ಅತ್ತೆಯ ಡಬ್ಬಿಗೆ ಅದು ಬೇಕಾಗಲಿಲ್ಲ.

“ಅತ್ತೆ, ಮನೆಗೆ ಸುಣ್ಣ ಬಳಿದ್ರಾ?” ಎಂದು ಸೊಸೆ ಇದ್ದಕ್ಕಿದ್ದ ಹಾಗೆ ಕೇಳಿದಳು.

“ಹೂಂ ಕಣವ್ವ. ಮಗು ಬತ್ತದೆ ಅಂತ. ಸೋಮವಾರ ಬಳಿದ್ವಿ.”

“ಕಂಪ್ಯೂಟರ್ ಎತ್ತಿಟ್ಟೋರು ಯಾರು?”

“ನಿನ್ ಗಂಡ. ಎಲ್ಲಾ ಕಿತ್ತು ಎತ್ತಿಟ್ಟ, ಮತ್ತೆ ಅವನೇ ಜೋಡಿಸಿದ.”

“ಹಾಗಾದ್ರೆ ಸಿಕ್ತು ಬಿಡಿ! ಗೋಡೆ ಸ್ವಿಚ್ಚು ಆರಿಸಿ. ವೈರು ಕೀಳಿ. ಕೈ ಒದ್ದೆ ಇದ್ರೆ ಸೆರಗಲ್ಲಿ ಒರೆಸ್ಕೊಳಿ. ಈಗ ಡಬ್ಬಿ ಹಿಂದುಗಡೆ ಟಾರ್ಚ್ ಬಿಡಿ. ನೀಲಿ ಬಣ್ಣದ ಜಾಗ ಎಷ್ಟಿದೆ?”

ಅತ್ತೆ ಬಗ್ಗಿ ನೋಡಿದರು. “ಎರಡು ಐತೆ. ಒಂದು ಮೇಲೆ, ನಿಂತದೆ. ಒಂದು ಕೆಳಗೆ, ಮಲಗೈತೆ.”

“ವೈರು ಯಾವುದಕ್ಕೆ ಹಾಕಿದೆ?”

“ನಿಂತಿರದಕ್ಕೆ.”

“ಅದೇ ತಪ್ಪು. ಮಲಗಿರೋದಕ್ಕೆ ಹಾಕ್ಬೇಕು.”

ಎರಡೂ ನೀಲಿ. ಎರಡರ ಆಕಾರವೂ ಒಂದೇ. ಹಾಗಾದರೆ ವ್ಯತ್ಯಾಸವೇನು? ಮೇಲಿನದು ಡಬ್ಬಿಯ ಜೊತೆಗೇ ಬಂದದ್ದು. ಕೆಳಗಿನದು ಆಮೇಲೆ ಸೇರಿಸಿದ ಹಲಗೆಯದು. ಚಿತ್ರ ಚೆನ್ನಾಗಿ ಬರಲಿ ಎಂದು ಕೆಲವರು ಡಬ್ಬಿಗೆ ಬೇರೆ ಹಲಗೆ ಹಾಕಿಸುತ್ತಾರೆ. ಅದಕ್ಕೆ ಗ್ರಾಫಿಕ್ಸ್ ಕಾರ್ಡು ಎಂದು ಹೆಸರು. ಆ ಕಾರ್ಡು ಬಂದ ಮೇಲೆ ಸಾಮಾನ್ಯವಾಗಿ ಡಬ್ಬಿ ಚಿತ್ರವನ್ನೆಲ್ಲ ಅದರ ಕಡೆಗೇ ಕಳಿಸುತ್ತದೆ. ಹಳೆಯ ಬಾಗಿಲಿಗೆ ಚಿತ್ರ ಬರುವುದಿಲ್ಲ. ಹೊಸ ಪೈಪಿಗೆ ನೀರು ತಿರುಗಿಸಿದ ಮೇಲೆ ಹಳೆಯ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ಕಾದರೆ ತುಂಬೀತೇ? ಓದಿದವರೂ ಇಲ್ಲಿ ಎಡವುತ್ತಾರೆ. ಸೊಸೆಯ ಗಂಡನನ್ನು ಬೈಯುವುದು ಬೇಡ.

ಕೇಬಲ್ಲಿನ ತುದಿಯಲ್ಲಿ ಎರಡು ಕಡೆ ತಿರುಪು ಇರುತ್ತದೆ. ತಿರುಪು ಬಿಚ್ಚಿ ನೆಟ್ಟಗೆ ಎಳೆಯಬೇಕು. ವೈರು ಹಿಡಿದು ಎಳೆಯಬಾರದು, ತುದಿಯ ಗಟ್ಟಿ ಭಾಗ ಹಿಡಿಯಬೇಕು. ಅತ್ತೆ ಹಾಗೇ ಮಾಡಿದರು. ಮಲಗಿದ ನೀಲಿ ಜಾಗಕ್ಕೆ ಹಾಕಿದರು. ತಿರುಪು ಹಾಕಿದರು. ಹುಡುಗಿ ಕರೆಂಟು ಕೊಟ್ಟು ಬಟನ್ನು ಒತ್ತಿದಳು.

ಪರದೆ ಬೆಳಗಿತು!

“ಬಂತು ಬಂತು!” ಎಂದು ಹುಡುಗಿ ಚಪ್ಪಾಳೆ ತಟ್ಟಿದಳು. ಅತ್ತೆ ಮಾತ್ರ ಹತ್ತಿರ ಹೋಗಿ ನೋಡಿದರು. “ಇದೇನವ್ವ, ಅರಿಶಿನ ಬಳಿದಂಗೈತೆ!”

ನಿಜ. ಬಿಳಿ ಇರಬೇಕಾದ ಜಾಗವೆಲ್ಲ ಹಳದಿ.

ಸೊಸೆಗೆ ಹೇಳಿದರು. ಅವಳು ಒಂದು ಕ್ಷಣ ಯೋಚಿಸಿ, “ಹಳದಿಯಾ? ಹಾಗಾದ್ರೆ ನೀಲಿ ತಂತಿ ತಾಗ್ತಿಲ್ಲ” ಎಂದಳು.

ನೋಡದೆ ಅಷ್ಟು ದೂರದಿಂದ ಹೇಗೆ ಹೇಳಿದಳು? ಮಂತ್ರವೇ? ಅಲ್ಲ. ಅಂಗಡಿಯವನೂ ನೋಡದೆ ಹೇಳಿದ್ದ. ಇವಳು ಕೇಳಿ, ಯೋಚಿಸಿ ಹೇಳಿದಳು.

ಪರದೆಯಲ್ಲಿ ಕಾಣುವ ಎಲ್ಲ ಬಣ್ಣವೂ ಮೂರೇ ಬಣ್ಣದ ಬೆಳಕಿನಿಂದ ಆಗುತ್ತದೆ. ಕೆಂಪು, ಹಸಿರು, ನೀಲಿ. ಮೂರೂ ಸಮವಾಗಿ ಸೇರಿದರೆ ಬಿಳಿ. ಮೂರೂ ಇಲ್ಲದಿದ್ದರೆ ಕಪ್ಪು. ಕೆಂಪು ಬೆಳಕೂ ಹಸಿರು ಬೆಳಕೂ ಸೇರಿದರೆ ಹಳದಿ. “ಅದೆಂಗಾದಾತು? ರಂಗೋಲಿಗೆ ಕೆಂಪು ಹಸಿರು ಕಲಸಿದ್ರೆ ಕೆಸರಿನ ಬಣ್ಣ ಬತ್ತದೆ” ಎಂದು ಅತ್ತೆ ಕೇಳಿದರು. ನೀವೂ ಕೇಳಬಹುದು. ಕೇಳಬೇಕಾದದ್ದೇ. ಪುಡಿ ಕಲಸುವುದು ಬೇರೆ, ಬೆಳಕು ಸೇರುವುದು ಬೇರೆ. ಪುಡಿಗೆ ಪುಡಿ ಸೇರಿದಷ್ಟೂ ಬಣ್ಣ ಮಂಕಾಗುತ್ತದೆ. ಬೆಳಕಿಗೆ ಬೆಳಕು ಸೇರಿದಷ್ಟೂ ಬೆಳ್ಳಗಾಗುತ್ತದೆ. ನಂಬಿಕೆ ಬಾರದಿದ್ದರೆ ಮೊಬೈಲಿನಲ್ಲಿ ಬಿಳಿ ಚಿತ್ರ ತೆರೆಯಿರಿ. ಅದರ ಮೇಲೆ ಸಾಸಿವೆ ಕಾಳಿನಷ್ಟು ನೀರಿನ ಹನಿ ಇಡಿ. ಕಣ್ಣು ಹತ್ತಿರ ಒಯ್ದು ಹನಿಯೊಳಗೆ ನೋಡಿ. ಬಿಳಿ ಕಾಣುವುದಿಲ್ಲ. ಕೆಂಪು, ಹಸಿರು, ನೀಲಿ ಚುಕ್ಕಿಗಳು ಕಾಣುತ್ತವೆ. ನೋಡಿದ ಮೇಲೆ ಹನಿ ಒರೆಸಿಬಿಡಿ.

ಅತ್ತೆಯ ಮನೆಯ ಕೇಬಲ್ಲಿಗೆ ವಿಜಿಎ ಕೇಬಲ್ ಎಂದು ಹೆಸರು. ಐಬಿಎಂ ಎಂಬ ಅಮೆರಿಕದ ಕಂಪನಿ 1987ರಲ್ಲಿ ಇದನ್ನು ತಂದಿತು. ಈಗ ಹೊಸ ಕಂಪ್ಯೂಟರುಗಳಲ್ಲಿ ತಿರುಪಿಲ್ಲದ ಚಪ್ಪಟೆ ತುದಿಯ ಎಚ್‌ಡಿಎಂಐ ಕೇಬಲ್ ಹೆಚ್ಚು. ಆದರೂ ಹಳೆಯ ಡಬ್ಬಿ ಇರುವ ಮನೆಯಲ್ಲೆಲ್ಲ ವಿಜಿಎ ಇದೆ. ಇದರ ತುದಿಯಲ್ಲಿ ಸೂಜಿಯಂಥ ಪಿನ್ನುಗಳ ಮೂರು ಸಾಲು. ಸಾಲಿಗೆ ಐದು. ಅಗಲವಾದ ಕಡೆಯ ಸಾಲಿನಲ್ಲಿ ಮೊದಲನೆಯದು ಕೆಂಪಿಗೆ, ಎರಡನೆಯದು ಹಸಿರಿಗೆ, ಮೂರನೆಯದು ನೀಲಿಗೆ. ಒಂದೊಂದು ಬಣ್ಣಕ್ಕೆ ಒಂದೊಂದು ತಂತಿ. ನೀಲಿ ತಪ್ಪಿದರೆ ಪರದೆ ಹಳದಿ. ಹಸಿರು ತಪ್ಪಿದರೆ ನೇರಳೆ ಬೆರೆತ ಗುಲಾಬಿ. ಕೆಂಪು ತಪ್ಪಿದರೆ ಹಸಿರು ಬೆರೆತ ತಿಳಿ ನೀಲಿ. ಮಗ್ಗದಲ್ಲಿ ಒಂದು ಬಣ್ಣದ ನೂಲು ಕಡಿದರೆ ಸೀರೆಯ ಬಣ್ಣವೇ ಬದಲಾಗುವುದಿಲ್ಲವೇ? ಹಾಗೆ.

“ಮತ್ತೆ ಎಲ್ಲ ಆರಿಸಿ. ಕೇಬಲ್ ಬಿಚ್ಚಿ. ಪಿನ್ನು ನೋಡಿ. ಅಗಲ ಕಡೆ ಸಾಲಲ್ಲಿ ಸರಿಯಾಗಿ ನಡುವಿಂದು.”

“ಬಗ್ಗೈತೆ ಕಣವ್ವ! ಪಕ್ಕಕ್ಕೆ ಒರಗೈತೆ. ಇಲ್ಲೊಂದು ಇಲ್ವೇ ಇಲ್ಲ. ಮುರಿದೋಯ್ತಾ?”

“ಎಲ್ಲಿ ಇಲ್ಲ?”

“ನಡು ಸಾಲಲ್ಲಿ.”

“ಅದು ಮೊದಲಿಂದ್ಲೂ ಇಲ್ಲ, ಬಿಡಿ. ಹಲವು ಕೇಬಲ್‌ಗಳಲ್ಲಿ ಅದನ್ನ ಇಟ್ಟಿರಲ್ಲ. ಬಗ್ಗಿರೋದನ್ನ ಮಾತ್ರ ನೆಟ್ಟಗೆ ಮಾಡಿ. ಜೋರು ಮಾಡ್ಬೇಡಿ, ಮುರೀತದೆ.”

ಅತ್ತೆ ಮುಳ್ಳು ಕೀಳುವ ಚಿಮಟ ತಂದರು. ಕಾಲಿನ ಮುಳ್ಳು ತೆಗೆಯುವುದರಲ್ಲಿ ಇಡೀ ಬೀದಿಗೆ ಅವರದೇ ಕೈ. ಹುಡುಗಿ ಟಾರ್ಚು ಹಿಡಿದಳು. ಅತ್ತೆ ಉಸಿರು ಹಿಡಿದು ಪಿನ್ನನ್ನು ಇಷ್ಟಿಷ್ಟೇ ಎತ್ತಿದರು. ಒಂದು ಸಲ ನಿಲ್ಲಿಸಿ ಕಣ್ಣೊರೆಸಿಕೊಂಡರು. ಮತ್ತೆ ಎತ್ತಿದರು. ಪಿನ್ನು ಅಕ್ಕಪಕ್ಕದವುಗಳ ಸಮಕ್ಕೆ ಬಂತು.

ತುದಿಗೆ ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಅಗಲವನ್ನು ಅಗಲಕ್ಕೆ ಹೊಂದಿಸಿ ಒತ್ತಿದರೆ ಸಲೀಸಾಗಿ ಹೋಗುತ್ತದೆ. ಹೋಗದಿದ್ದರೆ ತಿರುಗಾಮುರುಗಾ ಹಿಡಿದಿದ್ದೀರಿ ಎಂದು ತಿಳಿಯಿರಿ. ಬಲ ಹಾಕಿದರೆ ಪಿನ್ನು ಬಗ್ಗುತ್ತದೆ. ಸೋಮವಾರ ಆದದ್ದೂ ಅದೇ ಇರಬೇಕು.

ಬಟನ್ನು ಒತ್ತಿದರು. ಈ ಸಲ ಪರದೆ ಹಾಲಿನಂತೆ ಬಿಳಿ.

ರಾತ್ರಿ ಏಳೂವರೆಗೆ ಹಾಳೆ ಪ್ರಿಂಟಾಯಿತು. ನಾಲ್ಕು ಪುಟ. ಅತ್ತೆ ದೀಪದ ಕೆಳಗೆ ಕೂತು 15 ಹೆಸರನ್ನೂ ಬೆರಳಿಟ್ಟು ಓದಿದರು. ತಮ್ಮ ಹೆಸರಿನ ಮುಂದೆ ಇದ್ದ ಉಳಿತಾಯವನ್ನು ತಮ್ಮ ಪುಸ್ತಕದ ಜೊತೆ ಹೋಲಿಸಿದರು. ಸರಿಯಿತ್ತು. ಮುಂಗಡ ಕೊಟ್ಟಿದ್ದಾಕೆಯ ಮನೆಗೆ ಹುಡುಗಿಯನ್ನು ಕಳಿಸಿದರು. “ಹಾಳೆ ಆಯ್ತು ಅಂತ ಹೇಳವ್ವ. ಅವಳಿಗೆ ನಿದ್ದೆ ಬರಲಿ.”

ಒಂದು ಎಚ್ಚರಿಕೆಯ ಮಾತು. ಅತ್ತೆ ಧೈರ್ಯ ಮಾಡಿದರು ಎಂದು ಎಲ್ಲವನ್ನೂ ಬಿಚ್ಚಬೇಡಿ. ಡಬ್ಬಿಯೊಳಗೆ ಕರೆಂಟಿನ ವೈರು ಬಂದು ಸೇರುವ ಇನ್ನೊಂದು ತಗಡಿನ ಡಬ್ಬಿ ಇದೆ. ಅದು ಎಸ್‌ಎಂಪಿಎಸ್. ಗೋಡೆಯ 230 ವೋಲ್ಟ್ ಕರೆಂಟು ಅದರೊಳಗೆ ಹೋಗುತ್ತದೆ. ಅದನ್ನು ಬಿಚ್ಚಬಾರದು. ಹಳೆಯ ಟಿವಿಯ ಹಾಗೆ ಹಿಂದೆ ಉಬ್ಬಿದ ಪರದೆಯನ್ನಂತೂ ಮುಟ್ಟಲೇಬಾರದು. ಅದರೊಳಗೆ ಸಾವಿರಾರು ವೋಲ್ಟ್ ಕರೆಂಟು ಸ್ವಿಚ್ಚು ಆರಿಸಿದ ಮೇಲೂ ಕೂತಿರುತ್ತದೆ. ಅದರ ಗಾಜಿನಲ್ಲಿ ಸೀಸವಿದೆ. ಕೆಟ್ಟಿತೆಂದು ಹಿತ್ತಲಲ್ಲಿ ಒಡೆಯಲು ಮಕ್ಕಳಿಗೆ ಕೊಡಬೇಡಿ. ಸುಟ್ಟ ವಾಸನೆ ಬಂದರೆ, ಹೊಗೆ ಕಂಡರೆ, ಮುಟ್ಟಿದಾಗ ಜುಮ್ ಎಂದರೆ, ಗೋಡೆಯ ಸ್ವಿಚ್ಚು ಆರಿಸಿ ದೂರ ಸರಿಯಿರಿ. ಆಗ ರಿಪೇರಿಯವರೇ ಬರಬೇಕು.

ಅಂಗಡಿಗೆ ಹೋಗಬೇಕಾಗಿ ಬಂದರೂ ಬರೆದ ಚೀಟಿಯೊಡನೆ ಹೋಗಿ. ‘ಪರದೆ ದೀಪ ಕಿತ್ತಳೆ. ನೋ ಸಿಗ್ನಲ್ ಬಂತು. ನಮ್ ಲಾಕ್ ಹತ್ತುತ್ತದೆ. ಕೇಬಲ್ ಬದಲಿಸಿ ನೋಡಿದೆವು.’ ಇಷ್ಟು ಬರೆದುಕೊಂಡು ಹೋದವರಿಗೆ ‘ಮಾನಿಟರ್ ಹೋಗಿದೆ’ ಎಂದು ಸುಲಭವಾಗಿ ಹೇಳಲಾಗದು. ಪರದೆಯನ್ನು ಒಯ್ದರೆ, ಅಂಗಡಿಯ ಬೇರೆ ಡಬ್ಬಿಗೆ ನಿಮ್ಮ ಎದುರಿಗೇ ಜೋಡಿಸಿ ತೋರಿಸಲು ಕೇಳಿ. ಚಿತ್ರ ಬಂದರೆ ಪರದೆ ಸರಿ. ಇದನ್ನು ಕೇಳುವುದು ತಪ್ಪಲ್ಲ.

ಮರುದಿನ ಬ್ಯಾಂಕಿನಲ್ಲಿ ಹಾಳೆ ತೆಗೆದುಕೊಂಡರು. ಒಂದು ಸಹಿ ಬಾಕಿ ಇತ್ತು, ಅಲ್ಲೇ ಹಾಕಿಸಿದರು. ಮಧ್ಯಾಹ್ನ ಅತ್ತೆ ಮನೆಗೆ ಬಂದಾಗ ಲಾರಿ ಕೆಲಸ ಮುಗಿಸಿ ಮಗ ಬಂದಿದ್ದ.

“ಏನ್ಲಾ, ನಿಂತಿರದಕ್ಕೆ ಹಾಕಿದ್ಯಲ್ಲ?” ಎಂದರು ಅತ್ತೆ.

ಮಗನಿಗೆ ಏನೂ ಅರ್ಥವಾಗಲಿಲ್ಲ.

ಅತ್ತೆ ಸೊಸೆಯ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಸೀಸೆ ತಂದರು. ಕೇಬಲ್ಲಿನ ತುದಿಗೆ ಒಂದು ಚುಕ್ಕಿ ಇಟ್ಟರು. ಮಲಗಿದ ನೀಲಿ ಜಾಗದ ಪಕ್ಕಕ್ಕೆ ಒಂದು ಚುಕ್ಕಿ ಇಟ್ಟರು. ನಿಂತಿರುವ ನೀಲಿ ಜಾಗಕ್ಕೆ ಕಾಗದದ ತುಂಡು ಅಂಟಿಸಿ, ದೊಡ್ಡ ಅಕ್ಷರದಲ್ಲಿ ‘ಇಲ್ಲಿ ಬೇಡ’ ಎಂದು ಬರೆದರು.

ಓದಿ, ಬರೆಯಿರಿ

ಈ ಪದಗಳನ್ನು ಗಟ್ಟಿಯಾಗಿ ಓದಿ: ಪರದೆ, ಕೇಬಲ್, ತಿರುಪು, ಚಿಮಟ, ಕಿತ್ತಳೆ, ಎಸ್‌ಎಂಪಿಎಸ್.

ಪರದೆ ಸತ್ತಿಲ್ಲ ಎಂದು ಅತ್ತೆಗೆ ಹೇಗೆ ತಿಳಿಯಿತು? ಎರಡು ಸಾಲು ಬರೆಯಿರಿ.

ಒಂದು ಮನೆಯ ಪರದೆ ಗುಲಾಬಿ ಬಣ್ಣಕ್ಕೆ ತಿರುಗಿದೆ. ಯಾವ ಬಣ್ಣದ ತಂತಿ ತಾಗುತ್ತಿಲ್ಲ?

ನಿಮ್ಮ ಮನೆಯಲ್ಲಿ ಕಂಪ್ಯೂಟರಾಗಲಿ ಟಿವಿಯಾಗಲಿ ಇದ್ದರೆ, ಚೆನ್ನಾಗಿರುವಾಗಲೇ ಅದರ ಹಿಂಭಾಗದ ಚಿತ್ರ ಬರೆಯಿರಿ. ಯಾವ ವೈರು ಎಲ್ಲಿಗೆ ಹೋಗಿದೆ ಎಂದು ಹೆಸರು ಬರೆದು ಗೆರೆ ಎಳೆಯಿರಿ. ಬರೆದ ದಿನಾಂಕ ಹಾಕಿ.